ಅನ್ವಯಿಸುವುದಿಲ್ಲ

ಪಿಎಚ್‌ಡಿ ಮುಗಿಯುವ ಹೊತ್ತಿಗೆ ಕಂಡವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಮುಂದೇನು? "ಲಾಯರ್ ಆಗ್ತೀನಿ" ಅಂದರೆ ನಮ್ಮೂರಿನವರಿಗೆ ಗೊಂದಲವಾಗುತ್ತದೆ. ಐದು ವರ್ಷ ಕಾನೂನು ಓದಿ, ಕರಿ ಕೋಟು ಹಾಕದೆ, ಸ್ಕಾಲರ್‌ಶಿಪ್ ಸಿಕ್ಕಿತೆಂದು ಇಂಗ್ಲೆಂಡಿಗೆ ಹೋಗಿ ಮತ್ತೆ ಕಾನೂನನ್ನೇ ಓದುತ್ತಿರುವವಳು ಇನ್ನೂ ಲಾಯರ್ ಆಗಿಲ್ಲವೆಂದರೆ ಯಾರಿಗಾದರೂ ಅನುಮಾನ ಬರುವುದು ಸಹಜ.

ನನ್ನ ಸಂಶೋಧನೆ ಹತ್ತೊಂಬತ್ತನೇ ಶತಮಾನದ ಮೈಸೂರು ಸೀಮೆಯ ಕ್ರಯಪತ್ರ, ಭೋಗ್ಯಪತ್ರಗಳ ಭಾಷೆಯನ್ನು ಕುರಿತದ್ದು. ಇಂಥ ವಿಷಯ ಓದಿದವರಿಗೆ ಇಲ್ಲಿ ಕಾಯಂ ಪಾಠದ ಕೆಲಸ ಸಿಗುವುದು ಅಪರೂಪ. ಸಿಕ್ಕರೂ ವರ್ಷದ ಗುತ್ತಿಗೆ. ಬರುವ ಚಳಿಗಾಲಕ್ಕೆ ಸ್ಕಾಲರ್‌ಶಿಪ್ ಮುಗಿಯುತ್ತದೆ. ಹಾಗಾಗಿ ಎರಡು ವರ್ಷಗಳಿಂದ ಪ್ರಬಂಧದ ಅಧ್ಯಾಯಗಳ ನಡುವೆ ಬಿಡುವು ಮಾಡಿಕೊಂಡು ಇಲ್ಲಿನ ಲಾ ಫರ್ಮ್‌ಗಳಿಗೆ ಅರ್ಜಿ ಹಾಕುತ್ತಿದ್ದೇನೆ. ಈವರೆಗೆ ಹತ್ತೊಂಬತ್ತು ಆಗಿವೆ. ಈ ಬರಹ ಆ ಅರ್ಜಿಗಳ ಬಗ್ಗೆ, ಅದರಲ್ಲೂ ಅವುಗಳ ಕೊನೆಯ ಪುಟದಲ್ಲಿ ಬರುವ ಎರಡು ಪ್ರಶ್ನೆಗಳ ಬಗ್ಗೆ.

ಮೊದಲು ಇಲ್ಲಿನ ವ್ಯವಸ್ಥೆಯನ್ನು ಹೇಳಿಬಿಡುತ್ತೇನೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವಕೀಲರು ಎರಡು ಬಗೆ. ಮುಖ್ಯವಾಗಿ ಕೋರ್ಟಿನಲ್ಲಿ ನಿಂತು ವಾದಿಸುವವರು ಬ್ಯಾರಿಸ್ಟರ್‌ಗಳು. ಕಕ್ಷಿದಾರರ ಜೊತೆ ಕೂತು ಕರಾರು, ಆಸ್ತಿ, ಉಯಿಲು, ಕಂಪನಿ ವ್ಯವಹಾರಗಳ ಕಾಗದಪತ್ರ ನೋಡುವವರು ಸಾಲಿಸಿಟರ್‌ಗಳು. ನಮ್ಮಲ್ಲಿ ಈಗ ಆ ಭೇದವಿಲ್ಲ, ಎಲ್ಲರೂ ಅಡ್ವೊಕೇಟರೇ. ಸಾಲಿಸಿಟರ್ ಆಗಬೇಕಾದವರಿಗೆ 2021ರ ಸೆಪ್ಟೆಂಬರಿನಿಂದ ಎಸ್‌ಕ್ಯುಇ ಎಂಬ ಎರಡು ಹಂತದ ಪರೀಕ್ಷೆ ಇದೆ. ಮೊದಲ ಹಂತದ ಎರಡು ಪತ್ರಿಕೆಗಳಲ್ಲಿ ಒಟ್ಟು 360 ಪ್ರಶ್ನೆಗಳು, ಸರಿಯುತ್ತರ ಆರಿಸಬೇಕು. ಎರಡನೇ ಹಂತದಲ್ಲಿ ಕಕ್ಷಿದಾರರನ್ನು ಮಾತಾಡಿಸುವುದರಿಂದ ಹಿಡಿದು ದಸ್ತಾವೇಜು ಬರೆಯುವವರೆಗೆ ಹದಿನಾರು ಕೆಲಸಗಳನ್ನು ಮಾಡಿ ತೋರಿಸಬೇಕು. ಎರಡೂ ಹಂತಗಳ ಪರೀಕ್ಷಾ ಶುಲ್ಕವೇ 4,500 ಪೌಂಡಿಗಿಂತ ಹೆಚ್ಚು. ಇದರ ಜೊತೆಗೆ ಎರಡು ವರ್ಷದ ಕೆಲಸದ ಅನುಭವ ಬೇಕು.

ಆ ಎರಡು ವರ್ಷವನ್ನು ಒಂದೇ ಕಡೆ, ಸಂಬಳದ ಸಮೇತ ಕಳೆಯುವ ದಾರಿಗೆ ಟ್ರೈನಿಂಗ್ ಕಾಂಟ್ರ್ಯಾಕ್ಟ್ ಎಂದು ಹೆಸರು. ಸಾಮಾನ್ಯವಾಗಿ ಆರಾರು ತಿಂಗಳಿನಂತೆ ನಾಲ್ಕು ವಿಭಾಗಗಳಲ್ಲಿ ಕೂರಿಸುತ್ತಾರೆ. ಒಂದೊಂದನ್ನೂ ಸೀಟ್ ಅನ್ನುತ್ತಾರೆ. ಲಂಡನ್ನಿನ ದೊಡ್ಡ ಫರ್ಮ್‌ಗಳು ಪರೀಕ್ಷೆಯ ಖರ್ಚನ್ನೂ ತಾವೇ ಕೊಟ್ಟು, ಮೊದಲ ವರ್ಷಕ್ಕೆ 50,000 ಪೌಂಡಿನ ಆಸುಪಾಸು ಸಂಬಳ ಕೊಡುತ್ತವೆ. ಆದ್ದರಿಂದ ಅಲ್ಲಿ ನೂಕುನುಗ್ಗಲು. ಅದಕ್ಕೂ ಮೊದಲಿನ ಮೆಟ್ಟಿಲು ವೆಕೇಶನ್ ಸ್ಕೀಮ್: ರಜೆಯಲ್ಲಿ ಒಂದರಿಂದ ಮೂರ್ನಾಲ್ಕು ವಾರ ಆಫೀಸಿನಲ್ಲಿ ಕೂರಿಸಿ ಕೆಲಸ ಕೊಡುತ್ತಾರೆ, ವಾರಕ್ಕಿಷ್ಟು ಎಂದು ಹಣ ಕೊಡುತ್ತಾರೆ, ಕೊನೆಗೆ ಸಂದರ್ಶನ ಮಾಡುತ್ತಾರೆ. ಅನೇಕ ಫರ್ಮ್‌ಗಳು ತಮ್ಮ ಟ್ರೈನಿಗಳಲ್ಲಿ ಹೆಚ್ಚಿನವರನ್ನು ಆರಿಸಿಕೊಳ್ಳುವುದು ಹೀಗೆ ಬಂದವರಿಂದಲೇ. ಇದನ್ನು ಅವ್ವನಿಗೆ ಫೋನಿನಲ್ಲಿ ವಿವರಿಸಿದಾಗ ಅವಳಿಗೆ ಒಂದು ಚೂರೂ ವಿಚಿತ್ರ ಅನ್ನಿಸಲಿಲ್ಲ. "ಕಾಯಿ ಸುಲಿಯೋರ್ನೂ ಹಂಗೇ ಅಲ್ವೇನವ್ವ, ಒಂದಿನ ಕರ್ಸಿ ಕೈ ನೋಡ್ತಾರೆ. ಸರಿಯಾಗಿದ್ರೆ ನಾಳಿಕ್ಕೂ ಬಾ ಅಂತಾರೆ" ಅಂದಳು.

ಅಷ್ಟು ಸಲೀಸಲ್ಲದ್ದು ಕಾಲದ ಲೆಕ್ಕ. ಕೆಲಸ ಶುರುವಾಗುವುದಕ್ಕೆ ಸುಮಾರು ಎರಡು ವರ್ಷ ಮೊದಲೇ ಆಯ್ಕೆ ನಡೆಯುತ್ತದೆ. ಪಿಎಚ್‌ಡಿ ಮುಗಿಸಿದವರಿಗೆ ಇಲ್ಲಿ ಉಳಿದು ಕೆಲಸ ಹುಡುಕಲು ಮೂರು ವರ್ಷದ ವೀಸಾ ಸಿಗುತ್ತದೆ. ಈ ವರ್ಷ ಆಯ್ಕೆಯಾದರೆ ಆ ಮೂರು ವರ್ಷದೊಳಗೆ ಕೆಲಸಕ್ಕೆ ಕೂರಬಹುದು. ಆಮೇಲಿನ ವೀಸಾವನ್ನು ಫರ್ಮ್ ನೋಡಿಕೊಳ್ಳಬೇಕು. ಮುಂದಿನ ವರ್ಷವಾದರೆ ಲೆಕ್ಕ ಅಂಚಿಗೆ ಬರುತ್ತದೆ. ಅದರ ಮುಂದಿನ ವರ್ಷವಾದರೆ ತಾಳೆಯಾಗುವುದೇ ಇಲ್ಲ.

ಈ ಪದ್ಧತಿ ಹಳೆಯದು. 1728ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಮಾಡಿದ ಕಾಯ್ದೆಯ ಪ್ರಕಾರ ಅಟಾರ್ನಿ ಅಥವಾ ಸಾಲಿಸಿಟರ್ ಆಗಬೇಕಾದವನು ಐದು ವರ್ಷ ಒಬ್ಬ ವಕೀಲನ ಬಳಿ ಕರಾರು ಬರೆದುಕೊಟ್ಟು ಗುಮಾಸ್ತನಾಗಿ ದುಡಿಯಬೇಕಿತ್ತು. ಆ ಕರಾರಿಗೆ ಆರ್ಟಿಕಲ್ಸ್ ಎಂದು ಹೆಸರು; ಟ್ರೈನಿಂಗ್ ಕಾಂಟ್ರ್ಯಾಕ್ಟ್ ಎಂಬ ಮಾತು ಬಂದದ್ದು ತೀರಾ ಇತ್ತೀಚೆಗೆ. ಆಗ ಹಣ ಹರಿಯುತ್ತಿದ್ದ ದಿಕ್ಕು ಬೇರೆ. ಕಲಿಯಲು ಬಂದ ಹುಡುಗನ ಮನೆಯವರೇ ವಕೀಲನಿಗೆ ಪ್ರೀಮಿಯಂ ಎಂದು ದೊಡ್ಡ ಮೊತ್ತ ಕಟ್ಟುತ್ತಿದ್ದರು. ಡಿಕನ್ಸನ 'ಡೇವಿಡ್ ಕಾಪರ್‌ಫೀಲ್ಡ್' ಓದಿದವರಿಗೆ ನೆನಪಿರಬಹುದು, ಡೇವಿಡ್‌ನನ್ನು ಪ್ರಾಕ್ಟರ್ ಕಚೇರಿಗೆ ಸೇರಿಸಲು ಅವನಿಗೆ ಅಜ್ಜಿಯ ವರಸೆಯಾಗುವ ಬೆಟ್ಸಿ ಸಾವಿರ ಪೌಂಡ್ ಕಟ್ಟುತ್ತಾಳೆ. ಅವಳು ಹಣ ಕಳೆದುಕೊಂಡಾಗ ಡೇವಿಡ್ ಹೋಗಿ ಕರಾರು ರದ್ದು ಮಾಡಿ ಒಂದಷ್ಟಾದರೂ ವಾಪಸ್ ಕೊಡಿ ಎಂದು ಕೇಳುತ್ತಾನೆ, ಸಿಗುವುದಿಲ್ಲ. ಡಿಕನ್ಸ್ ಸ್ವತಃ ಹದಿನೈದರ ವಯಸ್ಸಿನಲ್ಲಿ ಲಂಡನ್ನಿನ ಒಂದು ವಕೀಲರ ಕಚೇರಿಯಲ್ಲಿ ಕೆಲಸಕ್ಕಿದ್ದ. ಪ್ರೀಮಿಯಂ ಕಟ್ಟಿದ ಶಿಷ್ಯನಾಗಿ ಅಲ್ಲ, ಮಾಮೂಲಿ ಗುಮಾಸ್ತನಾಗಿ. ದುಡ್ಡಿದ್ದರೂ ಹೆಂಗಸರಿಗೆ ಬಾಗಿಲು ತೆರೆದಿರಲಿಲ್ಲ. 1919ರ ಕಾಯ್ದೆ ಆ ಅಡ್ಡಿ ತೆಗೆದ ಮೇಲೆ, 1922ರಲ್ಲಿ ಕ್ಯಾರಿ ಮಾರಿಸನ್ ಇಂಗ್ಲೆಂಡಿನ ಮೊದಲ ಮಹಿಳಾ ಸಾಲಿಸಿಟರ್ ಆದರು.

ಇವತ್ತು ಪ್ರೀಮಿಯಂ ಇಲ್ಲ. ಅದರ ಜಾಗದಲ್ಲಿ ಕೇಳುವುದು ನಮ್ಮ ಕಥೆಯನ್ನು.

ಅರ್ಜಿ ಹೀಗಿರುತ್ತದೆ. ಮೊದಲು ಅಂಕಗಳು: ಪ್ರತಿ ವರ್ಷದ, ಪ್ರತಿ ವಿಷಯದ ಅಂಕ. ಶಾಲೆಯ ಪರೀಕ್ಷೆ ಯಾವುದು ಎಂದು ಆರಿಸುವ ಪಟ್ಟಿಯಲ್ಲಿ ನಮ್ಮ ಪಿಯುಸಿ ಸಿಕ್ಕದಿದ್ದರೆ 'ಇತರೆ' ಒತ್ತಿ ಮುಂದೆ ಹೋಗಬೇಕು. ಆಮೇಲೆ ಮುನ್ನೂರು ಪದಗಳ ಮಿತಿಯ ಮೂರು ನಾಲ್ಕು ಪ್ರಶ್ನೆಗಳು: ಕಾನೂನೇ ಏಕೆ, ನಮ್ಮ ಫರ್ಮೇ ಏಕೆ, ನೀವು ಗಮನಿಸಿದ ಒಂದು ವ್ಯಾಪಾರದ ಸುದ್ದಿ ನಮ್ಮ ಕಕ್ಷಿದಾರರಿಗೆ ಯಾಕೆ ಮುಖ್ಯ. ಅದು ದಾಟಿದರೆ ಹಲವು ಕಡೆ ವಾಟ್ಸನ್-ಗ್ಲೇಸರ್ ಎಂಬ ತರ್ಕದ ಪರೀಕ್ಷೆ ಇರುತ್ತದೆ. ಅದರಲ್ಲಿ ಒಂದು ಪ್ಯಾರಾ ಕೊಟ್ಟು ಈ ತೀರ್ಮಾನ ಅದರಿಂದ ನಿಜವಾಗಿ ಹೊರಡುತ್ತದೋ ಇಲ್ಲವೋ ಹೇಳು ಎನ್ನುತ್ತಾರೆ. ಅದೂ ದಾಟಿದರೆ ವಿಡಿಯೊ ಸಂದರ್ಶನ. ಎದುರಿಗೆ ಮನುಷ್ಯರಿಲ್ಲ, ಪರದೆಯ ಮೇಲೆ ಪ್ರಶ್ನೆ ಮೂಡುತ್ತದೆ, ನಮ್ಮ ಮುಖವನ್ನೇ ನೋಡಿಕೊಂಡು ಉತ್ತರಿಸಬೇಕು. ಕೊನೆಗೆ ಒಂದು ಇಡೀ ದಿನದ ಪರೀಕ್ಷೆ: ಗುಂಪು ಚರ್ಚೆ, ಬರವಣಿಗೆ, ಪಾರ್ಟ್ನರ್ ಒಬ್ಬರ ಜೊತೆ ಸಂದರ್ಶನ.

ಉತ್ತರ ಬರೆಯುವುದಕ್ಕೂ ಒಂದು ಸೂತ್ರವಿದೆ. ಸನ್ನಿವೇಶ ಏನು, ನಿನ್ನ ಹೊಣೆ ಏನು, ನೀನು ಏನು ಮಾಡಿದೆ, ಫಲ ಏನು. ವಿಶ್ವವಿದ್ಯಾಲಯದ ಉದ್ಯೋಗ ಸಲಹೆಗಾರರು ನನ್ನ ಕರಡು ಓದಿ ಒಂದೇ ಪದಕ್ಕೆ ಹದಿನೇಳು ಸಲ ಗೆರೆ ಎಳೆದಿದ್ದರು. ಆ ಪದ 'ನಾವು'. ನಾನು ಬರೆದಿದ್ದದ್ದು ಕಾನೂನು ಕಾಲೇಜಿನಲ್ಲಿದ್ದಾಗ ಮಾಡಿದ ಕೆಲಸದ ಬಗ್ಗೆ: ಐದು ಜನ ಸಹಪಾಠಿಗಳು ಶನಿವಾರ ಶನಿವಾರ ತಾಲ್ಲೂಕು ಕಚೇರಿ ಮುಂದೆ ಕೂತು, ಪಹಣಿಯಲ್ಲಿ ಹೆಸರು ತಪ್ಪಾಗಿದ್ದವರಿಗೆ ತಿದ್ದುಪಡಿ ಅರ್ಜಿ ಬರೆದುಕೊಡುತ್ತಿದ್ದೆವು. "ಇದರಲ್ಲಿ ನೀವು ಯಾರು?" ಎಂದು ಸಲಹೆಗಾರರು ಕೇಳಿದರು. ಒರಟಾಗಿ ಅಲ್ಲ, ಓದುವವರಿಗೆ ಅದೇ ತಿಳಿಯಬೇಕು ಅನ್ನುವುದು ಅವರ ಮಾತು.

ಅದು ನ್ಯಾಯವಾದ ಪ್ರಶ್ನೆಯೇ. ನಾನು ಓದುವ ಹಳೆಯ ಕ್ರಯಪತ್ರಗಳೆಲ್ಲ 'ನಾನು' ಎಂದು ಮಾತಾಡುತ್ತವೆ. ನನ್ನ ಸ್ವಂತ ಇಚ್ಛೆಯಿಂದ, ನನ್ನ ಸ್ವಾಧೀನದಲ್ಲಿರುವ ಜಮೀನನ್ನು ಮಾರುತ್ತಿದ್ದೇನೆ ಎಂದು. ಆದರೆ ಅನೇಕ ಕಡೆ ಆ 'ನಾನು' ಹೆಬ್ಬೆಟ್ಟಿನವನು. ಅವನ ಪರವಾಗಿ ಬರೆದವನ ಹೆಸರು ಕೊನೆಯಲ್ಲಿ 'ಬಿಕ್ಕಲಂ' ಎಂದು ಬೇರೆಯಾಗಿ ಇರುತ್ತದೆ. ಯಾರ ಮಾತು, ಯಾರ ಕೈ ಎಂಬುದು ಅಲ್ಲಿ ಬೆರೆಯುವುದಿಲ್ಲ. ನಾನೂ ಹಾಗೇ ಬಿಡಿಸಿ ನೋಡಿದೆ. ಕಂದಾಯ ಕಚೇರಿಗೆ ಅಲೆದವನು ಒಬ್ಬ ಗೆಳೆಯ, ಜನರನ್ನು ಕರೆತಂದವಳು ಒಬ್ಬ ಗೆಳತಿ. ನನ್ನದು ಬರವಣಿಗೆ. ಹಳೆಯ ಪತ್ರ ಓದಿ, ಹೆಸರು ಎಲ್ಲಿ ತಪ್ಪಿತೆಂದು ಹುಡುಕಿ, ಅರ್ಜಿಗೆ ಒಂದು ನಮೂನೆ ಮಾಡಿದ್ದು ನಾನು. ಅಷ್ಟನ್ನು 'ನಾನು' ಎಂದು ಬರೆದೆ, ಉಳಿದದ್ದನ್ನು ಅವರವರ ಪಾಲಿಗೆ ಬಿಟ್ಟೆ. ಫಲ ಎಂಬಲ್ಲಿ ಎಷ್ಟು ಜನರ ಪಹಣಿ ಸರಿಹೋಯಿತೆಂದು ಕೇಳುತ್ತಾರೆ. ನಮಗೆ ಗೊತ್ತಾದಷ್ಟನ್ನು ಬರೆದೆ, ಒಂಬತ್ತು.

ಇನ್ನು ಕೊನೆಯ ಪುಟ. ಇಲ್ಲಿನ ವಕೀಲಿ ವೃತ್ತಿ ಬಹುಕಾಲ ಉಳ್ಳವರ ಮಕ್ಕಳದೇ ಆಗಿತ್ತು. ಅದನ್ನು ಸರಿಪಡಿಸಬೇಕೆಂದು ಅನೇಕ ಫರ್ಮ್‌ಗಳು ಹತ್ತು ವರ್ಷಗಳಿಂದ ಅಭ್ಯರ್ಥಿಗಳ ಹಿನ್ನೆಲೆ ಕೇಳುತ್ತಿವೆ. ಬಡ ಮನೆಯಿಂದ, ಹಿಂದುಳಿದ ಶಾಲೆಯಿಂದ ಬಂದವರ ಅಂಕವನ್ನು ಆ ಶಾಲೆಯ ಉಳಿದ ಮಕ್ಕಳ ಅಂಕದ ಜೊತೆ ಇಟ್ಟು ತೂಗುವುದು ಇದರ ಉದ್ದೇಶ. ಒಳ್ಳೆಯ ಉದ್ದೇಶ. ಅದಕ್ಕಾಗಿ ಕೇಳುವ ಪ್ರಶ್ನೆಗಳಲ್ಲಿ ಒಂದು, ಶಾಲೆಯಲ್ಲಿ ನಿಮಗೆ ಉಚಿತ ಊಟಕ್ಕೆ ಅರ್ಹತೆ ಇತ್ತೇ? ಹೌದು, ಇಲ್ಲ, ಗೊತ್ತಿಲ್ಲ, ಹೇಳಲು ಇಷ್ಟವಿಲ್ಲ ಎಂಬ ಆಯ್ಕೆಗಳ ಜೊತೆ ಇನ್ನೊಂದಿದೆ: 'ಅನ್ವಯಿಸುವುದಿಲ್ಲ'. ಅದು ಯಾರಿಗೆ ಅಂದರೆ 1980ಕ್ಕೆ ಮೊದಲು ಶಾಲೆ ಮುಗಿಸಿದವರಿಗೆ, ಅಥವಾ ಹೊರದೇಶದಲ್ಲಿ ಓದಿದವರಿಗೆ.

ತುಮಕೂರು ಜಿಲ್ಲೆಯ ನಮ್ಮೂರ ಸರ್ಕಾರಿ ಶಾಲೆಯಲ್ಲಿ ಸೇರಿದ ದಿನದಿಂದ, ಹೈಸ್ಕೂಲಿನಲ್ಲೂ ಸೇರಿ ಎಸ್ಸೆಸ್ಸೆಲ್ಸಿವರೆಗೆ, ನಾನು ಉಂಡದ್ದು ಅಕ್ಷರ ದಾಸೋಹದ ಬಿಸಿಯೂಟ. ಅದನ್ನು ಬೇಯಿಸಿದವರಲ್ಲಿ ಒಬ್ಬಳು ನನ್ನ ಅವ್ವ. ಅವಳು ಇವತ್ತಿಗೂ ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಈ ಪ್ರಶ್ನೆಗೆ ನನಗಿರುವಷ್ಟು ಉತ್ತರ ಹೆಚ್ಚು ಜನರಿಗೆ ಇರಲಾರದು. ಆದರೂ ಒತ್ತಬೇಕಾದ್ದು 'ಅನ್ವಯಿಸುವುದಿಲ್ಲ'.

ಅವರ ತರ್ಕ ನನಗೆ ಅರ್ಥವಾಗುತ್ತದೆ. ಇಂಗ್ಲೆಂಡಿನ ಹೈಸ್ಕೂಲುಗಳಲ್ಲಿ ಉಚಿತ ಊಟ ಸಿಗುವುದು ಆದಾಯ ಕಡಿಮೆ ಇರುವ ಮನೆಯ ಮಕ್ಕಳಿಗೆ. ಆದ್ದರಿಂದ ಅದು ಬಡತನದ ಗುರುತಾಗುತ್ತದೆ. ನಮ್ಮ ಶಾಲೆಯಲ್ಲಿ ಊಟ ಎಲ್ಲರಿಗೂ ಇತ್ತು, ಯಾರ ಆದಾಯವನ್ನೂ ಕೇಳುತ್ತಿರಲಿಲ್ಲ. ಅಲ್ಲಿ ಅದು ಗುರುತಲ್ಲ. ಹಾಗಾಗಿ ಆ ಬಾಕ್ಸು ನನಗೆ ತೆರೆದಿದ್ದರೂ, ನಾನು 'ಹೌದು' ಒತ್ತಿದ್ದರೆ ಅವರು ಓದಿಕೊಳ್ಳುವ ಅರ್ಥ ಬೇರೆ, ನನ್ನ ತಟ್ಟೆಯಲ್ಲಿದ್ದ ಅರ್ಥ ಬೇರೆ.

ಎರಡನೇ ಪ್ರಶ್ನೆ: ನಿಮಗೆ ಸುಮಾರು ಹದಿನಾಲ್ಕು ವರ್ಷವಾಗಿದ್ದಾಗ ಮನೆಯಲ್ಲಿ ಮುಖ್ಯವಾಗಿ ದುಡಿಯುತ್ತಿದ್ದವರ ಕೆಲಸ ಏನಾಗಿತ್ತು? ಕೆಳಗೆ ವರ್ಗಗಳ ಪಟ್ಟಿ. ಅಪ್ಪನಿಗೆ ಎರಡು ಎಕರೆ, ತೆಂಗು, ರಾಗಿ. ಪಟ್ಟಿಯಲ್ಲಿ ಹೊಲದ ಕೂಲಿಯವರು ಒಂದು ಕಡೆ ಇದ್ದಾರೆ, ಇಪ್ಪತ್ತೈದಕ್ಕಿಂತ ಕಡಿಮೆ ಜನರನ್ನು ಇಟ್ಟುಕೊಂಡ ಸಣ್ಣ ವ್ಯಾಪಾರದ ಮಾಲೀಕರು ಇನ್ನೊಂದು ಕಡೆ. ತನ್ನ ಎರಡು ಎಕರೆಯ ಕೆಲಸ ಮುಗಿಸಿ ಪಕ್ಕದವರ ತೋಟಕ್ಕೆ ಕೂಲಿಗೆ ಹೋಗುವ ಅಪ್ಪ ಎರಡೂ ಹೌದು. ಇನ್ನು ಮುಖ್ಯವಾಗಿ ದುಡಿದವರು ಯಾರು? ಮಳೆ ಬಂದ ವರ್ಷ ಅಪ್ಪ, ಬಾರದ ವರ್ಷ ಅವ್ವ. ಆದರೆ ಅವ್ವನದು ಕೆಲಸವೇ ಎಂಬುದು ಸರ್ಕಾರದ ಲೆಕ್ಕದಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಬಿಸಿಯೂಟದ ಅಡುಗೆಯವರಿಗೆ ಕೊಡುವುದು ಸಂಬಳವಲ್ಲ, ಗೌರವಧನ. ಕೇಂದ್ರ ಸರ್ಕಾರ 2009ರಲ್ಲಿ ನಿಗದಿ ಮಾಡಿದ್ದು ತಿಂಗಳಿಗೆ 1,000 ರೂಪಾಯಿ, ವರ್ಷಕ್ಕೆ ಹತ್ತು ತಿಂಗಳು ಮಾತ್ರ. ಗೌರವಧನ ಎಂಬ ಆ ಒಂದು ಪದದಿಂದ ಕನಿಷ್ಠ ವೇತನದ ಮಾತೇ ಅಲ್ಲಿಗೆ ನಿಲ್ಲುತ್ತದೆ. ಅದರ ವಿರುದ್ಧ ಅಡುಗೆಯವರು ಬೆಂಗಳೂರಿನಲ್ಲಿ ಎಷ್ಟೋ ಸಲ ಧರಣಿ ಕೂತಿದ್ದಾರೆ. ನಾನು ಅಡುಗೆ ಸಹಾಯಕರು ಇರುವ ಸಾಲನ್ನು ಒತ್ತಿದೆ. ನಮ್ಮ ಸರ್ಕಾರ ಕೊಡದ ಹುದ್ದೆಯನ್ನು ಅವ್ವನಿಗೆ ಆ ಫಾರಂ ಕೊಟ್ಟಿತು.

ಅಪ್ಪ ಏನು ಮಾಡುತ್ತಾರೆ, ಯಾವೂರು ಎಂಬ ಪ್ರಶ್ನೆ ನನಗೆ ಹೊಸದಲ್ಲ. ನಮ್ಮಲ್ಲಿ ಕಾನೂನು ಮುಗಿಸಿದವರು ಒಬ್ಬ ಸೀನಿಯರ್ ಆಫೀಸಿಗೆ ಸೇರಿಕೊಳ್ಳುವುದು ರೂಢಿ. ಅದಕ್ಕೆ ಫಾರಂ ಇಲ್ಲ. ವಕೀಲರ ಸನ್ನದಿಗೆ ಮೊದಲು ಒಂದು ವರ್ಷದ ತರಬೇತಿ ಕಡ್ಡಾಯ ಮಾಡಿ ಬಾರ್ ಕೌನ್ಸಿಲ್ 1995ರಲ್ಲಿ ತಂದಿದ್ದ ನಿಯಮವನ್ನು ಸುಪ್ರೀಂ ಕೋರ್ಟ್ 1999ರಲ್ಲಿ ರದ್ದು ಮಾಡಿತು. ಅಂಥ ನಿಯಮ ಮಾಡುವ ಅಧಿಕಾರ ಕೌನ್ಸಿಲ್‌ಗೆ ಇಲ್ಲವೆಂಬುದು ಕಾರಣ. ಉಳಿದದ್ದು ಪರಿಚಯದ ದಾರಿ. ನಾಲ್ಕನೇ ವರ್ಷದಲ್ಲಿದ್ದಾಗ ನಾನೂ ಒಂದು ಆಫೀಸಿಗೆ ಕೇಳಿಕೊಂಡು ಹೋಗಿದ್ದೆ. ಹೆಸರು ಕೇಳಿದರು, ಊರು ಕೇಳಿದರು, ಅಪ್ಪನ ಹೆಸರು, ಅಪ್ಪನ ಕೆಲಸ. "ಊರಲ್ಲಿ ಯಾವ ಕಡೆ ನಿಮ್ಮ ಮನೆ?" ಎಂದು ಕೇಳಿದರು. ಕೇಳಿದ್ದು ದಿಕ್ಕಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. "ನಿಮ್ಮ ಕಡೆಯವರು ಯಾರಾದರೂ ವಕೀಲಿಕೆಯಲ್ಲಿ ಇದ್ದಾರಾ?" ಇಲ್ಲ ಅಂದೆ. ಜಾಗವಾದಾಗ ಹೇಳಿ ಕಳಿಸುತ್ತೇವೆ ಅಂದರು.

ಅದೇ ಪ್ರಶ್ನೆ ಇಲ್ಲಿ ಫಾರಂನಲ್ಲಿ ಬಂದಿದೆ. ಅಲ್ಲಿ ಅದು ಬಾಗಿಲು ಮುಚ್ಚಲು, ಇಲ್ಲಿ ತೆರೆಯಲು. ಎರಡರ ನಡುವೆ ನಿಂತ ನನಗೆ ಮಾತ್ರ ಇಲ್ಲಿನ ಪ್ರಶ್ನೆ ಅನ್ವಯಿಸುವುದಿಲ್ಲ. ಒಂದು ದೇಶ ತನ್ನ ಅನ್ಯಾಯವನ್ನು ತನ್ನ ಶಾಲೆಗಳ ಪಟ್ಟಿ, ತನ್ನ ಅಂಚೆ ವಿಳಾಸಗಳ ಮೂಲಕವೇ ಅಳೆಯಬಲ್ಲದು. ನಮ್ಮೂರ ಯಾವ ಕಡೆ ನಮ್ಮ ಮನೆ ಎಂಬುದನ್ನು ಅಳೆಯುವ ಕೋಲು ಅದರ ಬಳಿ ಇಲ್ಲ.

ಜೊತೆಯ ಸಂಶೋಧಕಿಯೊಬ್ಬಳು, ಅವಳೂ ಇಲ್ಲಿನ ಕಾರ್ಮಿಕರ ಮನೆಯ ಹುಡುಗಿ, "ವಿಶೇಷ ಸನ್ನಿವೇಶ ಎಂಬ ಖಾಲಿ ಜಾಗ ಇದೆಯಲ್ಲ, ಅಲ್ಲಿ ಎಲ್ಲವನ್ನೂ ಬರಿ" ಅಂದಳು. ಅಲ್ಲಿ ಬರೆಯಬೇಕಾದ್ದು ಓದಿಗೆ ಅಡ್ಡಿಯಾದ ಕಾಯಿಲೆ, ಸಾವು, ಕಷ್ಟ. ನಾನು ತುಂಬ ಯೋಚಿಸಿದೆ. ಬಿಸಿಯೂಟ ನನಗೆ ಅಡ್ಡಿಯಾಗಿರಲಿಲ್ಲ. ಅದನ್ನು ಕಷ್ಟ ಎಂದು ಬರೆದರೆ ಅವ್ವನ ಅಡುಗೆಗೆ ನಾನೇ ಬೇರೆ ಹೆಸರು ಇಟ್ಟಂತಾಗುತ್ತದೆ. ನಮ್ಮ ಶಾಲೆಯಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಿದ್ದೆವು. ಎಲ್ಲ ಊರಲ್ಲೂ ಹಾಗಿರಲಿಲ್ಲ. ಅಡುಗೆ ಮಾಡಿದವರ ಜಾತಿ ನೋಡಿ ಮಕ್ಕಳಿಗೆ ಉಣ್ಣಬೇಡಿ ಎಂದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ನಮ್ಮೂರಲ್ಲೂ ಮೊದಲ ತಿಂಗಳು ಕೆಲವರು ಡಬ್ಬಿ ಕಟ್ಟಿ ಕಳಿಸಿದ್ದರಂತೆ. ಆಮೇಲೆ ಮಕ್ಕಳೇ ಡಬ್ಬಿ ಬಿಟ್ಟು ಸಾಲಿಗೆ ಬಂದರು.

ಆ ಊಟ ಬಂದದ್ದೇ ಒಂದು ಕೋರ್ಟಿನ ಆದೇಶದ ಬೆನ್ನಿಗೆ. 2001ರಲ್ಲಿ ದೇಶದ ಹಲವೆಡೆ ಬರವಿದ್ದಾಗ ಸರ್ಕಾರಿ ಉಗ್ರಾಣಗಳಲ್ಲಿ ಧಾನ್ಯ ತುಂಬಿ ಕೊಳೆಯುತ್ತಿತ್ತು. ಪಿಯುಸಿಎಲ್ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. ಆ ವರ್ಷದ ನವೆಂಬರ್ 28ರ ಮಧ್ಯಂತರ ಆದೇಶದಲ್ಲಿ, ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿ ಮಗುವಿಗೂ ಬೇಯಿಸಿದ ಊಟ ಕೊಡಬೇಕೆಂದು ನ್ಯಾಯಾಲಯ ರಾಜ್ಯಗಳಿಗೆ ಹೇಳಿತು. ಆದೇಶ ಪಾಲನೆಯಾಗುತ್ತಿದೆಯೇ ಎಂದು ನೋಡಲು ಮರುವರ್ಷ ಕಮಿಷನರ್‌ಗಳನ್ನು ನೇಮಿಸಿತು. ನಾನು ಒಂದನೇ ತರಗತಿಗೆ ಸೇರಿದ್ದು 2003ರಲ್ಲಿ.

ಆದ್ದರಿಂದ ಹತ್ತೊಂಬತ್ತನೇ ಅರ್ಜಿಯಲ್ಲಿ ಆ ಊಟವನ್ನು ಕೊನೆಯ ಪುಟದಿಂದ ಎತ್ತಿ ಮೊದಲನೆಯದಕ್ಕೆ ತಂದೆ. ಕಾನೂನೇ ಏಕೆ ಎಂಬ ಪ್ರಶ್ನೆಯ ಕೆಳಗೆ. ಬಡತನದ ಸಾಕ್ಷಿಯಾಗಿ ಅಲ್ಲ. ದೆಹಲಿಯ ಒಂದು ಆದೇಶ ನಮ್ಮೂರ ತಟ್ಟೆಗೆ ಬರಲು ಎಷ್ಟು ಕಾಗದ ಬೇಕಾಯಿತು ಎಂಬುದರ ಬಗ್ಗೆ: ಧಾನ್ಯದ ಹಂಚಿಕೆ ಪತ್ರ, ಸಾಗಣೆಯ ರಸೀದಿ, ಶಾಲೆಯ ದಾಸ್ತಾನು ಪುಸ್ತಕ, ಹಾಜರಿ, ಅವ್ವನ ಸಹಿ. ಇವುಗಳಲ್ಲಿ ಒಂದು ತಪ್ಪಿದರೂ ಒಲೆ ಹೊತ್ತುವುದಿಲ್ಲ. ವಾದ ಮಾಡಿದವರ ಹೆಸರು ಉಳಿಯುತ್ತದೆ. ನನಗೆ ಆಸೆ ಇರುವುದು ಈ ಕಾಗದಗಳನ್ನು ಸರಿಯಾಗಿ ಬರೆಯುವ ಕೆಲಸದಲ್ಲಿ, ಅದಕ್ಕೇ ಸಾಲಿಸಿಟರ್ ಆಗಬೇಕು ಎಂದು ಮುನ್ನೂರು ಪದದೊಳಗೆ ಮುಗಿಸಿದೆ. ಕೊನೆಯ ಪುಟದಲ್ಲಿ ಎಂದಿನಂತೆ 'ಅನ್ವಯಿಸುವುದಿಲ್ಲ' ಒತ್ತಿದೆ.

ಸಂದರ್ಶನದಲ್ಲಿ ಪಾರ್ಟ್ನರ್ ಒಬ್ಬರು, ಅರವತ್ತರ ಹತ್ತಿರದ ಹೆಂಗಸು, ನನ್ನ ಉತ್ತರದ ಪ್ರತಿಯನ್ನು ಮುಂದಿಟ್ಟುಕೊಂಡು ಕೇಳಿದರು: "ಅಕ್ಕಿ ಬಾರದ ದಿನ ಏನಾಗುತ್ತಿತ್ತು?" ಯಾರೂ ಕೇಳದ ಪ್ರಶ್ನೆ. ಅವ್ವ ನ್ಯಾಯಬೆಲೆ ಅಂಗಡಿಯವರ ಹತ್ತಿರ ಕಡ ತರುತ್ತಿದ್ದಳು, ಹೆಡ್‌ಮಾಸ್ತರು ಅದನ್ನು ಬೇರೆ ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕುತ್ತಿದ್ದರು, ಅಕ್ಕಿ ಬಂದ ಮೇಲೆ ಅಳೆದು ವಾಪಸ್ ಕೊಡುತ್ತಿದ್ದರು ಎಂದೆ. "ಆ ಪುಸ್ತಕಕ್ಕೆ ಕಾನೂನಿನಲ್ಲಿ ಬೆಲೆ ಇತ್ತೇ?" ಎಂದರು. ಅಲ್ಲಿಂದ ಇಪ್ಪತ್ತು ನಿಮಿಷ ನಾವು ಮಾತಾಡಿದ್ದು ಕರಾರಿನ ಬಗ್ಗೆ, ಸಾಕ್ಷ್ಯದ ಬಗ್ಗೆ, ಸಹಿಯ ಬಗ್ಗೆ. ನನ್ನ ಬಾಲ್ಯದ ಬಗ್ಗೆ ಮರುಕದ ಒಂದು ಮಾತೂ ಬರಲಿಲ್ಲ. ನನಗೆ ಬೇಕಾಗಿದ್ದುದೂ ಅದೇ.

ಜುಲೈನಲ್ಲಿ ಅಲ್ಲಿ ಎರಡು ವಾರದ ವೆಕೇಶನ್ ಸ್ಕೀಮ್ ಸಿಕ್ಕಿದೆ. ಟ್ರೈನಿಂಗ್ ಕಾಂಟ್ರ್ಯಾಕ್ಟ್ ಸಿಗುತ್ತದೋ ಇಲ್ಲವೋ ಅದರ ಕೊನೆಗೆ ತಿಳಿಯುತ್ತದೆ. ಸಿಗದಿದ್ದರೆ ಸೆಪ್ಟೆಂಬರಿನಿಂದ ಮತ್ತೆ ಅರ್ಜಿಗಳು ಶುರು. ಇಪ್ಪತ್ತನೆಯದಕ್ಕೂ ಇದೇ ಉತ್ತರ ಬರೆಯುತ್ತೇನೆ. ವಾರದ ಹಣ ಎಷ್ಟೆಂದು ಹೇಳಿದಾಗ ಅವ್ವ ರೂಪಾಯಿಗೆ ತಿರುಗಿಸಿ ಹೇಳು ಅಂದಳು, ಹೇಳಿದೆ. ಅವಳಿಗೆ ಶಾಲೆಯ ರಜೆಯ ಎರಡು ತಿಂಗಳು ಗೌರವಧನ ಬರುವುದಿಲ್ಲ.

"ನಮ್ಗೆ ರಜ ಬಂತು ಅಂದ್ರೆ ದುಡ್ಡಿಲ್ಲ, ನಿಂಗೆ ರಜದಾಗೇ ದುಡ್ಡಾ?" ಅಂದಳು. ಆಮೇಲೆ, "ಸೈನ್ ಹಾಕೋಕ್ ಮುಂಚೆ ಓದ್ಕೊಂಡ್ ಹಾಕವ್ವ" ಅಂತ ಫೋನಿಟ್ಟಳು.